ದೃಶ್ಯ-ಶ್ರವ್ಯಗಳ ಸಂಧಾನ

ಪೀಠಿಕೆ

ಸಾಂಖ್ಯಶಾಸ್ತ್ರದಲ್ಲಿ ಸ್ವಲ್ಪಮಟ್ಟಿಗಾದರೂ ಪರಿಶ್ರಮವುಳ್ಳವರಿಗೆ ಪಂಗ್ವಂಧನ್ಯಾಯವು ಪರಿಚಿತವಾದುದೇ ಆಗಿದೆ. ಕುಂಟನಿಗೆ ಕಣ್ಣುಂಟು, ನಡೆಯುವ ಶಕ್ತಿಯಿಲ್ಲ. ಕುರುಡನಿಗೆ ಕಾಲುಂಟು, ಕಾಣುವ ಶಕ್ತಿಯಿಲ್ಲ. ಕುರುಡನು ಕುಂಟನನ್ನು ಹೆಗಲ ಮೇಲೆ ಹೊತ್ತನು, ಕುಂಟನು ದಾರಿಯನ್ನು ತೋರಿಸಿದನು, ಇಬ್ಬರೂ ಊರನ್ನು ಸೇರಿದರು. ಪ್ರಕೃತಿಪುರುಷರ ಸಂಯೋಗವನ್ನು ತಿಳಿಸುವುದಕ್ಕಾಗಿ ಹಿರಿಯರು ಕಲ್ಪಿಸಿದ ಈ ದೃಷ್ಟಾಂತವು ನಮ್ಮ ಕಾಲದ ವಾಕ್ಚಿತ್ರಕ್ಕೂ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಬಿಂಬವು ಮೂಕ, ಶಬ್ದವು ಅಂಧ. ಒಂದರ ಹೆಗಲ ಮೇಲೆ ಇನ್ನೊಂದು ಕುಳಿತಾಗ ಮಾತ್ರವೇ ಎರಡಕ್ಕೂ ಜೀವ.

ಚಿತ್ರಮಂದಿರದಲ್ಲಿ ಕುಳಿತು ನೋಡುವವರಿಗೆ ನಟನ ತುಟಿಯ ಚಲನೆಯೂ ಅವನ ಮಾತೂ ಒಂದೇ ಯಂತ್ರದಿಂದ ಒಂದೇ ಕಾಲದಲ್ಲಿ ಹಿಡಿಯಲ್ಪಟ್ಟುವೆಂದೇ ತೋರುವುದು. ವಸ್ತುಸ್ಥಿತಿಯು ಸಾಮಾನ್ಯವಾಗಿ ಹಾಗಲ್ಲ. ಬಿಂಬವನ್ನು ಹಿಡಿಯುವ ಯಂತ್ರ ಬೇರೆ, ಧ್ವನಿಯನ್ನು ಹಿಡಿಯುವ ಯಂತ್ರ ಬೇರೆ. ಬೇರೆಬೇರೆಯಾಗಿ ಹುಟ್ಟಿದ ಇವೆರಡನ್ನೂ ಅನಂತರ ಸಂಕಲನದ ಕೊಠಡಿಯಲ್ಲಿ ಒಂದು ಮಾಡುತ್ತಾರೆ. ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಂಗಡಿಸಿದರು. ಆ ಎರಡನ್ನೂ ಯಂತ್ರದ ಮೂಲಕ ಮತ್ತೆ ಕೂಡಿಸುವ ಕೆಲಸವು ಎಷ್ಟು ಕಷ್ಟವಾದುದು, ಅದನ್ನು ಸಾಧಿಸಲು ಎಷ್ಟು ಜನ ಎಷ್ಟು ಬಗೆಯಾಗಿ ಶ್ರಮಪಟ್ಟರು ಎಂಬುದನ್ನು ಈ ಲೇಖನದಲ್ಲಿ ಯಥಾಮತಿಯಾಗಿ ನಿರೂಪಿಸುವೆನು. ಇದು ಕೇವಲ ಯಂತ್ರಗಳ ಕಥೆಯಲ್ಲ. ಇದರಲ್ಲಿ ನಮ್ಮ ಮನೆಮನೆಗೂ ಸಲ್ಲುವ ಒಂದು ಪಾಠವಿದೆ ಎಂಬುದು ಕೊನೆಯಲ್ಲಿ ವಾಚಕರಿಗೆ ತಾನಾಗಿಯೇ ತಿಳಿದುಬರುವುದು.

ಡಿಕ್ಸನ್ನನ ಪಿಟೀಲು

ಅಮೆರಿಕಾ ದೇಶದ ಥಾಮಸ್ ಆಲ್ವಾ ಎಡಿಸನ್ನನು 1877ನೆಯ ಇಸವಿಯಲ್ಲಿ ಫೋನೋಗ್ರಾಫ್ ಎಂಬ ಧ್ವನಿಯಂತ್ರವನ್ನು ನಿರ್ಮಿಸಿದನು. ಆಡಿದ ಮಾತು ಗಾಳಿಯಲ್ಲಿ ಕರಗಿಹೋಗದೆ ಉರುಳೆಯ ಮೇಲೆ ಉಳಿಯಬಲ್ಲುದೆಂಬುದು ಆಗ ಲೋಕಕ್ಕೆ ಮೊದಲ ಬಾರಿಗೆ ಪ್ರತ್ಯಕ್ಷವಾಯಿತು. ಹನ್ನೊಂದು ವರ್ಷಗಳ ಮೇಲೆ, 1888ರಲ್ಲಿ, ಫೋನೋಗ್ರಾಫು ಕಿವಿಗೆ ಮಾಡಿದ ಉಪಕಾರವನ್ನೇ ಕಣ್ಣಿಗೂ ಮಾಡಬಲ್ಲ ಯಂತ್ರವೊಂದನ್ನು ತಾನು ಆಲೋಚಿಸುತ್ತಿರುವುದಾಗಿ ಅವನು ಸರಕಾರದ ಪೇಟೆಂಟು ಕಚೇರಿಗೆ ಬರೆದು ತಿಳಿಸಿದನು. ಚಲಚ್ಚಿತ್ರವು ಹುಟ್ಟುವುದಕ್ಕೆ ಮೊದಲೇ ಅದರ ಪಕ್ಕದಲ್ಲಿ ಧ್ವನಿಯು ನಿಂತಿತ್ತೆಂಬುದನ್ನು ಇಲ್ಲಿ ಗಮನಿಸತಕ್ಕುದು. ಮೂಕಚಿತ್ರಗಳು ಮೊದಲು ಹುಟ್ಟಿ, ಮಾತಿನ ಆಸೆ ಆಮೇಲೆ ಮೂಡಿತೆಂಬ ಜನಪ್ರವಾದವು ಸರಿಯಲ್ಲ. ಆಸೆಯು ಮೊದಲಿನಿಂದಲೂ ಇತ್ತು. ಉಪಾಯವು ಮಾತ್ರ ಇರಲಿಲ್ಲ.

ಆ ಯಂತ್ರದ ಕೆಲಸವನ್ನು ಎಡಿಸನ್ನನು ವಿಲಿಯಂ ಕೆನೆಡಿ ಲಾರೀ ಡಿಕ್ಸನ್ ಎಂಬ ತನ್ನ ಸಹಾಯಕನಿಗೆ ವಹಿಸಿದನು. ನ್ಯೂ ಜೆರ್ಸಿ ಪ್ರಾಂತದ ವೆಸ್ಟ್ ಆರೆಂಜ್ ಎಂಬಲ್ಲಿ ಎಡಿಸನ್ನನ ಪ್ರಯೋಗಶಾಲೆಯ ಪಕ್ಕದಲ್ಲಿ ಕರಿಯ ಕಾಗದವನ್ನು ಹೊದಿಸಿದ ಚಿತ್ರಶಾಲೆಯೊಂದಿತ್ತು. 1894ರ ಕೊನೆ ಇಲ್ಲವೆ 1895ರ ಆರಂಭದಲ್ಲಿ ಡಿಕ್ಸನ್ನನು ಅಲ್ಲಿ ಒಂದು ಪ್ರಯೋಗವನ್ನು ನಡೆಸಿದನು. ಧ್ವನಿಯನ್ನು ಹಿಡಿಯುವ ದೊಡ್ಡ ಕಹಳೆಯ ಮುಂದೆ ತಾನೇ ನಿಂತು ಪಿಟೀಲನ್ನು ನುಡಿಸಿದನು. ಇಬ್ಬರು ಕೆಲಸಗಾರರು ಒಬ್ಬರನ್ನೊಬ್ಬರು ಹಿಡಿದುಕೊಂಡು ಆ ನಾದಕ್ಕೆ ಹೆಜ್ಜೆ ಹಾಕಿದರು. ಚಿತ್ರಯಂತ್ರವು ಬಿಂಬವನ್ನು ಫಿಲ್ಮಿನ ಮೇಲೂ, ಫೋನೋಗ್ರಾಫು ನಾದವನ್ನು ಮೇಣದ ಉರುಳೆಯ ಮೇಲೂ ಬರೆದುಕೊಂಡುವು. ಚಿತ್ರವು ಹದಿನೇಳು ಸೆಕೆಂಡುಗಳಷ್ಟು. ಉರುಳೆಯ ಮೇಲಿನ ನಾದವು ಎರಡು ನಿಮಿಷಕ್ಕೂ ಹೆಚ್ಚು. ಬಿಂಬವನ್ನೂ ಧ್ವನಿಯನ್ನೂ ಒಂದೇ ವೇಳೆಯಲ್ಲಿ ಹಿಡಿದ ಪ್ರಯತ್ನಗಳಲ್ಲಿ ಇಂದಿಗೆ ಉಳಿದುಬಂದಿರುವವುಗಳ ಪೈಕಿ ಇದೇ ಅತ್ಯಂತ ಹಳೆಯದು.

ಆದರೆ ಹಿಡಿಯುವುದು ಬೇರೆ, ಕೂಡಿಸುವುದು ಬೇರೆ. ಎರಡು ಯಂತ್ರಗಳನ್ನೂ ಒಂದೇ ನಡಿಗೆಯಲ್ಲಿ ಓಡಿಸಿ ತೋರಿಸುವ ಉಪಾಯವು ಡಿಕ್ಸನ್ನನ ಕೈಯಲ್ಲಿರಲಿಲ್ಲ. 1895ರಲ್ಲಿ ಎಡಿಸನ್ನನ ಸಂಸ್ಥೆಯು ಕೈನೆಟೋಫೋನ್ ಎಂಬ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ನೋಡುವವನು ಪೆಟ್ಟಿಗೆಯ ಕಿಂಡಿಯಲ್ಲಿ ಕಣ್ಣಿಟ್ಟು, ಕಿವಿಗೆ ಕೊಳವೆಗಳನ್ನು ಸಿಕ್ಕಿಸಿಕೊಳ್ಳಬೇಕು. ಒಳಗೆ ಚಿತ್ರವೂ ಓಡುವುದು, ವಾದ್ಯವೂ ಕೇಳುವುದು. ಎರಡೂ ಒಟ್ಟಿಗೆ ನಡೆಯುತ್ತಿದ್ದುವೆಂಬುದಷ್ಟೇ ಹೊರತು ಹೆಜ್ಜೆಗೆ ಹೆಜ್ಜೆ ಕೂಡುತ್ತಿರಲಿಲ್ಲ. ಅಂತಹ ಪೆಟ್ಟಿಗೆಗಳು ಸುಮಾರು 45 ಮಾತ್ರ ತಯಾರಾದುವು. ಅದೇ ವರ್ಷ ಡಿಕ್ಸನ್ನನು ಎಡಿಸನ್ನನನ್ನು ಬಿಟ್ಟು ಹೊರಟುಹೋದನು. ಅವನ ಪಿಟೀಲಿನ ಚಿತ್ರವೊಂದು ಕಡೆ, ನಾದವೊಂದು ಕಡೆ ಆಗಿ ಅಗಲಿದುವು. ಅವುಗಳ ಗತಿಯೇನಾಯಿತೆಂಬುದನ್ನು ಮುಂದೆ ಹೇಳುವೆನು.

ಕಾಲಭೇದದ ತೊಡಕು

ಕೂಡಿಸುವುದರಲ್ಲಿ ಇಷ್ಟೇನು ಕಷ್ಟ, ಎರಡನ್ನೂ ಒಂದೇ ಕ್ಷಣದಲ್ಲಿ ಪ್ರಾರಂಭಿಸಿದರೆ ಸಾಲದೆ, ಎಂದು ಯಾರಾದರೂ ಕೇಳಬಹುದು. ಸಾಲದು. ಪಾಠಶಾಲೆಯಲ್ಲಿ ಇಬ್ಬರು ಹುಡುಗರನ್ನು ನಿಲ್ಲಿಸಿ ಒಂದೇ ಸ್ತೋತ್ರವನ್ನು ಒಟ್ಟಿಗೆ ಆರಂಭಿಸಿರೆಂದು ಹೇಳಿ, ಕಿವಿ ಮುಚ್ಚಿಕೊಂಡು ಪಠಿಸಿರೆಂದರೆ, ಹತ್ತು ಶ್ಲೋಕಗಳು ಮುಗಿಯುವುದರೊಳಗೆ ಒಬ್ಬನು ಮುಂದಾಗಿ ಇನ್ನೊಬ್ಬನು ಹಿಂದಾಗಿರುವುದನ್ನು ಕಾಣಬಹುದು. ಆರಂಭದ ಐಕ್ಯವೊಂದು, ನಡಿಗೆಯ ಐಕ್ಯವೊಂದು, ಎರಡೂ ಬೇಕು. ಈ ಶಾಸ್ತ್ರದ ಸಮಸ್ತ ಇತಿಹಾಸವೂ ಈ ಎರಡು ಐಕ್ಯಗಳನ್ನು ಸಾಧಿಸುವ ಇತಿಹಾಸವೇ ಆಗಿದೆ.

ವಾಕ್ಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಬಿಡಿಚಿತ್ರಗಳು ಕಣ್ಣ ಮುಂದೆ ಹಾದುಹೋಗುವುವು. ಈ ಬಿಡಿಚಿತ್ರಕ್ಕೆ ಫ್ರೇಮು ಎಂದು ಹೆಸರು. ಆದುದರಿಂದ ಒಂದು ಫ್ರೇಮಿನ ಕಾಲವು ಸೆಕೆಂಡಿನ ಇಪ್ಪತ್ತನಾಲ್ಕನೆಯ ಒಂದು ಭಾಗ. ಇಷ್ಟು ಅಲ್ಪವಾದ ಕಾಲದಲ್ಲಿ ಧ್ವನಿಯು ಗಾಳಿಯಲ್ಲಿ ಸುಮಾರು 14 ಮೀಟರುಗಳಷ್ಟು ದೂರ ಮಾತ್ರ ಸಾಗುವುದು. ದೊಡ್ಡ ಚಿತ್ರಮಂದಿರದಲ್ಲಿ ಪರದೆಯಿಂದ 28 ಮೀಟರು ಹಿಂದೆ ಕುಳಿತವನಿಗೆ ಮಾತು ಎರಡು ಫ್ರೇಮುಗಳಷ್ಟು ತಡವಾಗಿಯೇ ತಲಪುವುದೆಂದಾಯಿತು. ಆದರೂ ಅವನಿಗೆ ಅದು ತಿಳಿಯುವುದಿಲ್ಲ.

ಏಕೆ ತಿಳಿಯುವುದಿಲ್ಲ? ಕೆರೆಯ ಆಚೆಯ ದಡದಲ್ಲಿ ಅಗಸನು ಬಟ್ಟೆ ಒಗೆಯುವುದನ್ನು ಈಚೆಯ ದಡದಿಂದ ನೋಡಿದವರೆಲ್ಲರೂ ಬಲ್ಲರು: ಬಟ್ಟೆಯು ಕಲ್ಲನ್ನು ಬಡಿದುದು ಮೊದಲು ಕಾಣುವುದು, ಸದ್ದು ಆಮೇಲೆ ಕೇಳುವುದು. ಮಿಂಚು ಮೊದಲು, ಗುಡುಗು ಆಮೇಲೆ. ಬೆಳಕಿನ ಹಿಂದೆ ಶಬ್ದವು ಬರುವುದು ಸೃಷ್ಟಿನಿಯಮ; ನಮ್ಮ ಮನಸ್ಸು ಅದಕ್ಕೆ ಹುಟ್ಟಿನಿಂದಲೇ ಒಗ್ಗಿದೆ. ಶಬ್ದವೇ ಮೊದಲು ಬಂದು ಬಿಂಬವು ಆಮೇಲೆ ಬಂದರೆ ಮಾತ್ರ ಮನಸ್ಸು ಒಡನೆಯೇ ಪ್ರತಿಭಟಿಸುವುದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ಇದರ ಲೆಕ್ಕವನ್ನು ಕೊಟ್ಟಿದೆ. ಧ್ವನಿಯು ಸೆಕೆಂಡಿನ ಸಾವಿರದಲ್ಲಿ 45 ಭಾಗದಷ್ಟು ಮುಂದಾದರೆ ನೋಡುವವರಿಗೆ ಗೊತ್ತಾಗತೊಡಗುವುದು. ಹಿಂದಾದರೆ 125 ಭಾಗದವರೆಗೂ ಗೊತ್ತಾಗದು. ಮುಂದೋಡುವ ಶಬ್ದಕ್ಕೆ ಕ್ಷಮೆ ಕಡಮೆ. ಹಿಂದುಳಿದ ಶಬ್ದಕ್ಕೆ ಕ್ಷಮೆ ಹೆಚ್ಚು.

ತಟ್ಟೆಗಳ ಕಾಲ

ಫ್ರಾನ್ಸ್ ದೇಶದ ಲೇಯಾನ್ ಗೋಮಾನ್ ಎಂಬವನು 1902ರಲ್ಲಿ ಕ್ರೋನೋಫೋನ್ ಎಂಬ ಯಂತ್ರವನ್ನು ತೋರಿಸಿದನು. ಅವನು ಹಿಡಿದ ದಾರಿ ವಿಚಿತ್ರವಾದುದು. ಗಾಯಕನ ಹಾಡನ್ನು ಮೊದಲು ತಟ್ಟೆಯಲ್ಲಿ ಮುದ್ರಿಸಿಕೊಳ್ಳುವುದು. ಅನಂತರ ಆ ತಟ್ಟೆಯನ್ನು ನುಡಿಸುತ್ತ, ಗಾಯಕನು ಬರಿಯ ತುಟಿಗಳನ್ನು ಆಡಿಸುತ್ತಿರಲು ಚಿತ್ರವನ್ನು ತೆಗೆಯುವುದು. ಧ್ವನಿಯಂತ್ರದ ಕಹಳೆಯು ಹತ್ತಿರದ ಶಬ್ದವನ್ನು ಮಾತ್ರವೇ ಹಿಡಿಯಬಲ್ಲುದಾಗಿದ್ದುದರಿಂದ ಈ ಉಪಾಯವು ಅನಿವಾರ್ಯವಾಗಿತ್ತು. ಇಂದು ನಮ್ಮ ಚಿತ್ರಗೀತೆಗಳನ್ನು ಚಿತ್ರೀಕರಿಸುವ ಪದ್ಧತಿಗೂ ಇದಕ್ಕೂ ತತ್ತ್ವದಲ್ಲಿ ಏನೂ ಭೇದವಿಲ್ಲವೆಂಬುದನ್ನು ವಾಚಕರು ಗಮನಿಸಬಹುದು.

ಎಡಿಸನ್ನನು ಸುಮ್ಮನಿರಲಿಲ್ಲ. 1913ರಲ್ಲಿ ಕೈನೆಟೋಫೋನ್ ಎಂಬ ಹಳೆಯ ಹೆಸರಿನಲ್ಲಿಯೇ ಹೊಸ ಯಂತ್ರವೊಂದನ್ನು ನಾಟಕಶಾಲೆಗಳಿಗೆ ತಂದನು. ಪರದೆಯ ಬಳಿ ಫೋನೋಗ್ರಾಫು. ಸಭೆಯ ಹಿಂದುಗಡೆ ಚಿತ್ರವನ್ನು ಬಿಡುವ ಯಂತ್ರ. ಇವೆರಡಕ್ಕೂ ನಡುವೆ ರಾಟೆಗಳ ಮೇಲೆ ಹಾಯಿಸಿದ ಉದ್ದನೆಯ ಹುರಿ. ಹುರಿಯು ಸಡಿಲವಾದರೆ, ಯಂತ್ರವನ್ನು ನಡೆಸುವವನ ಕೈ ತಡವರಿಸಿದರೆ, ನಟನು ಬಾಯಿ ಮುಚ್ಚಿಕೊಂಡ ಮೇಲೆ ಅವನ ಮಾತು ಕೇಳಿಸುತ್ತಿತ್ತು. ಸಭಿಕರು ಮೊದಲು ಬೆರಗಾದರು, ಆಮೇಲೆ ನಕ್ಕರು. 1914ರ ಡಿಸೆಂಬರಿನಲ್ಲಿ ವೆಸ್ಟ್ ಆರೆಂಜಿನ ಕಾರ್ಖಾನೆಗೆ ಬೆಂಕಿ ಬಿದ್ದ ಮೇಲೆ ಆ ಉದ್ಯಮವು ಮತ್ತೆ ಚೇತರಿಸಿಕೊಳ್ಳಲಿಲ್ಲ.

ಮುಂದಿನ ಹೆಜ್ಜೆಯನ್ನಿಟ್ಟವರು ವಾರ್ನರ್ ಸಹೋದರರು. ಅವರ ವೈಟಾಫೋನ್ ಪದ್ಧತಿಯ ಮೊದಲನೆಯ ದೊಡ್ಡ ಚಿತ್ರ ‘ಡಾನ್ ವಾನ್’ 1926ನೆಯ ಆಗಸ್ಟ್ 6ರಂದು ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾಯಿತು. ಅದರಲ್ಲಿ ವಾದ್ಯಸಂಗೀತವಿತ್ತು, ಸಂಭಾಷಣೆಯಿರಲಿಲ್ಲ. 1927ನೆಯ ಅಕ್ಟೋಬರ್ 6ರಂದು ಬಂದ ‘ದಿ ಜಾಸ್ ಸಿಂಗರ್’ ಚಿತ್ರದಲ್ಲಿ ಹಾಡಿನೊಡನೆ ಮಾತೂ ಕೇಳಿಬಂದಿತು, ಲೋಕವು ಮರುಳಾಯಿತು. ಇಲ್ಲಿ ಹುರಿಯಿರಲಿಲ್ಲ. ಒಂದೇ ಮೋಟಾರು ಚಿತ್ರದ ಸುರುಳಿಯನ್ನೂ ಧ್ವನಿಯ ತಟ್ಟೆಯನ್ನೂ ತಿರುಗಿಸುತ್ತಿತ್ತು. ಸಾವಿರ ಅಡಿಗಳ ಫಿಲ್ಮು ಹನ್ನೊಂದು ನಿಮಿಷಗಳಷ್ಟು ಕಾಲ ಓಡುವುದು. 16 ಅಂಗುಲ ಅಗಲದ ತಟ್ಟೆಯೂ ಅಷ್ಟೇ ಕಾಲ ನುಡಿಯುವಂತೆ, ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತುಗಳಂತೆ, ಅದರ ವೇಗವನ್ನು ಗೊತ್ತುಮಾಡಿದ್ದರು. ಫಿಲ್ಮಿನ ಮೊದಲಿನಲ್ಲಿ ಒಂದು ಗುರುತು, ತಟ್ಟೆಯ ಮೇಲೆ ಒಂದು ಬಾಣ. ಮುಳ್ಳನ್ನು ಬಾಣದ ತುದಿಯಲ್ಲಿಟ್ಟು, ಗುರುತನ್ನು ಯಂತ್ರದ ಕಿಂಡಿಗೆ ಸರಿಯಾಗಿ ಕೂರಿಸಿ, ಮೋಟಾರನ್ನು ಹೊರಡಿಸಬೇಕು.

ಹೀಗೆ ಆರಂಭದ ಐಕ್ಯವೂ ನಡಿಗೆಯ ಐಕ್ಯವೂ ಸಿದ್ಧಿಸಿದುವು. ಆದರೆ ಫಿಲ್ಮು ಹರಿಯತಕ್ಕ ವಸ್ತು. ಹರಿದ ಕಡೆ ನಾಲ್ಕು ಫ್ರೇಮುಗಳನ್ನು ತೆಗೆದು ಅಂಟಿಸಿದರೆ, ಅಲ್ಲಿಂದ ಮುಂದಕ್ಕೆ ಮಾತೆಲ್ಲವೂ ನಾಲ್ಕು ಫ್ರೇಮುಗಳಷ್ಟು ಹಿಂದುಳಿಯುವುದು. ತೆಗೆದಷ್ಟೇ ಉದ್ದದ ಕರಿಯ ಫಿಲ್ಮನ್ನು ಎಣಿಸಿ ಸೇರಿಸಬೇಕಾಗುತ್ತಿತ್ತು. ಮುಳ್ಳು ಒಂದು ಗೆರೆಯಿಂದ ಇನ್ನೊಂದಕ್ಕೆ ಹಾರಿದರಂತೂ ಹೇಳುವುದೇ ಬೇಡ. 1952ರಲ್ಲಿ ಬಂದ ‘ಸಿಂಗಿಂಗ್ ಇನ್ ದಿ ರೇನ್’ ಎಂಬ ಹಾಸ್ಯಚಿತ್ರದಲ್ಲಿ, ಖಳನ ಬಾಯಿಂದ ನಾಯಿಕೆಯ ಸ್ವರವೂ ನಾಯಿಕೆಯ ಬಾಯಿಂದ ಖಳನ ಸ್ವರವೂ ಹೊರಡುವ ಪ್ರಸಂಗವೊಂದಿದೆ. ಅದು ಆ ಕಾಲದ ಪಾಡನ್ನು ಕುರಿತ ವಿನೋದವೇ ಆಗಿದೆ.

ಬೆಳಕಿನಲ್ಲಿ ಬರೆದ ಧ್ವನಿ

ಈ ತೊಡಕಿಗೆ ಪರಿಹಾರವು ಬೇರೆ ಕಡೆಯಿಂದ ಬಂದಿತು. ಧ್ವನಿಯ ಏರಿಳಿತವನ್ನು ವಿದ್ಯುತ್ತಾಗಿ, ವಿದ್ಯುತ್ತನ್ನು ಬೆಳಕಾಗಿ ಮಾರ್ಪಡಿಸಿ, ಆ ಬೆಳಕಿನಿಂದ ಫಿಲ್ಮಿನ ಅಂಚಿನಲ್ಲಿಯೇ ಒಂದು ಸಣ್ಣ ಪಟ್ಟೆಯನ್ನು ಬರೆಯಿಸಿದರು. ಜರ್ಮನಿಯಲ್ಲಿ ಟ್ರೈ ಎರ್ಗಾನ್ ತಂಡದವರು 1922ರಲ್ಲಿಯೂ, ಅಮೆರಿಕಾದಲ್ಲಿ ಲೀ ಡಿ ಫಾರೆಸ್ಟನು 1923ರಲ್ಲಿಯೂ ಇಂತಹ ಚಿತ್ರಗಳನ್ನು ತೋರಿಸಿದ್ದರು. 1927ರ ಹೊತ್ತಿಗೆ ಫಾಕ್ಸ್ ಸಂಸ್ಥೆಯವರ ಮೂವಿಟೋನ್ ಪದ್ಧತಿಯು ಬಳಕೆಗೆ ಬಂದಿತು. ಕೆಲವೇ ವರ್ಷಗಳಲ್ಲಿ ತಟ್ಟೆಗಳು ಮೂಲೆಗೆ ಬಿದ್ದುವು. ಬಿಂಬವೂ ಶಬ್ದವೂ ಒಂದೇ ಫಿಲ್ಮಿನ ಮೇಲಿರುವುದರಿಂದ, ಒಂದು ಹರಿದರೆ ಇನ್ನೊಂದೂ ಹರಿಯುವುದೇ ಹೊರತು ಅಗಲುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಒಂದು ಫ್ರೇಮಿಗೆ ಸೇರಿದ ಧ್ವನಿಯು ಆ ಫ್ರೇಮಿನ ಪಕ್ಕದಲ್ಲಿಯೇ ಇರುವುದಿಲ್ಲ. ಸುಮಾರು 20 ಫ್ರೇಮು, ಎಂದರೆ 15 ಅಂಗುಲದಷ್ಟು ಮುಂದೆ ಇರುವುದು. ಕಾರಣವೇನೆಂದರೆ, ಬಿಂಬವು ಕಾಣಬೇಕಾದರೆ ಪ್ರತಿಯೊಂದು ಫ್ರೇಮೂ ದೀಪದ ಮುಂದೆ ಒಂದು ಕ್ಷಣ ನಿಂತು ಮುಂದಕ್ಕೆ ನೆಗೆಯಬೇಕು. ಶಬ್ದವು ಕೇಳಬೇಕಾದರೆ ಫಿಲ್ಮು ಎಲ್ಲಿಯೂ ನಿಲ್ಲದೆ ಸಮವಾಗಿ ಹರಿಯಬೇಕು. ನಿಂತು ನಡೆಯುವುದೂ ನಿಲ್ಲದೆ ನಡೆಯುವುದೂ ಒಂದೇ ಸ್ಥಾನದಲ್ಲಿ ಸಾಧ್ಯವಿಲ್ಲ. ಆದುದರಿಂದ ಎರಡಕ್ಕೂ ಎರಡು ಸ್ಥಾನಗಳನ್ನು ಮಾಡಿ, ನಡುವೆ ಆ ನೆಗೆತವು ಶಮನವಾಗುವಷ್ಟು ಫಿಲ್ಮನ್ನು ಬಿಟ್ಟರು.

ತೋರಿಸುವಾಗ ಒಂದೇ ಫಿಲ್ಮು ಉತ್ತಮವಾದರೂ, ತೆಗೆಯುವಾಗ ಅದು ಕಷ್ಟಕ್ಕೆ ಕಾರಣವಾಯಿತು. ಬಿಂಬವನ್ನು ಕತ್ತರಿಸಬೇಕಾದ ಸ್ಥಳದಲ್ಲಿ ಫಿಲ್ಮನ್ನು ಕತ್ತರಿಸಿದರೆ, 20 ಫ್ರೇಮು ದೂರದಲ್ಲಿರುವ ಅದರ ಮಾತು ತುಂಡಾಗುವುದು. ಅದಕ್ಕಾಗಿ ತೆಗೆಯುವಾಗ ಎರಡು ಫಿಲ್ಮುಗಳನ್ನು ಉಪಯೋಗಿಸತೊಡಗಿದರು: ಬಿಂಬಕ್ಕೆ ಒಂದು ಕ್ಯಾಮರಾ, ಧ್ವನಿಗೆ ಇನ್ನೊಂದು. ಎರಡರ ಮೋಟಾರುಗಳೂ ವಿದ್ಯುತ್ತಿನಿಂದ ಒಂದಕ್ಕೊಂದು ಕಟ್ಟುಬಿದ್ದು ಒಂದೇ ವೇಗದಲ್ಲಿ ತಿರುಗುವುವು. ನಡಿಗೆಯ ಐಕ್ಯಕ್ಕೆ ಇದು ಸಾಕು. ಆರಂಭದ ಐಕ್ಯಕ್ಕೆ?

ಅದಕ್ಕೆ ದೊರೆತ ಉಪಾಯವೇ ಕ್ಲಾಪ್ ಹಲಗೆ. ದೃಶ್ಯದ ಸಂಖ್ಯೆಯನ್ನು ಬರೆದ ಹಲಗೆಯೊಂದು, ಅದರ ಮೇಲ್ಗಡೆ ತಿರುಗಣಿಯಿಂದ ಕೂಡಿಸಿದ ಕೋಲೊಂದು. ಕ್ಯಾಮರಾದ ಮುಂದೆ ಅದನ್ನು ಹಿಡಿದು ಫಟ್ಟೆಂದು ಬಡಿಯುವುದು. ಕೋಲು ಹಲಗೆಯನ್ನು ಮುಟ್ಟಿದ ಫ್ರೇಮು ಬಿಂಬದ ಸುರುಳಿಯಲ್ಲಿ ಸ್ಪಷ್ಟವಾಗಿ ಕಾಣುವುದು; ಫಟ್ಟೆಂಬ ಸದ್ದು ಧ್ವನಿಯ ಸುರುಳಿಯಲ್ಲಿ ಸ್ಪಷ್ಟವಾಗಿ ಕೇಳುವುದು. ಸಂಕಲನಕಾರನು ಇವೆರಡನ್ನೂ ಎದುರುಬದುರಾಗಿ ನಿಲ್ಲಿಸಿದರಾಯಿತು, ಅಲ್ಲಿಂದ ಮುಂದಿನದೆಲ್ಲವೂ ತಾನಾಗಿ ಕೂಡುವುದು. ಈ ಹಲಗೆಯನ್ನು ಮೊದಲು ಬಳಕೆಗೆ ತಂದವನು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಚಿತ್ರನಿರ್ಮಾಪಕ ಎಫ್. ಡಬ್ಲ್ಯು. ಥ್ರಿಂಗ್ ಎಂದು ಹೇಳುವುದುಂಟು. ಒಂದೇ ಅಕ್ಷದ ಮೇಲೆ ಕೂರಿಸಿದ ಹಲ್ಲಿನ ಚಕ್ರಗಳ ಮೇಲೆ ಎರಡು ಫಿಲ್ಮುಗಳನ್ನೂ ಹಾಯಿಸಿ, ಫ್ರೇಮಿಗೆ ಫ್ರೇಮು ತಪ್ಪದಂತೆ ಮುಂದಕ್ಕೂ ಹಿಂದಕ್ಕೂ ನಡೆಯಿಸುವ ಯಂತ್ರಗಳು ಸಂಕಲನದ ಮೇಜಿಗೆ ಬಂದುವು. ಇವಾನ್ ಸೆರೂರಿಯೆ ಎಂಬವನು 1924ರಲ್ಲಿ ನಿರ್ಮಿಸಿದ ಮೂವಿಯೋಲಾ ಯಂತ್ರಕ್ಕೂ ಧ್ವನಿಯ ಭಾಗವು ಸೇರಿತು.

ಭಾರತದಲ್ಲಿ

ನಮ್ಮ ದೇಶದ ಮೊದಲನೆಯ ವಾಕ್ಚಿತ್ರ ‘ಆಲಂ ಆರಾ’ 1931ನೆಯ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಅದರ ನಿರ್ಮಾಪಕ ಅರ್ದೇಶಿರ್ ಇರಾನಿಯವರು ತರಿಸಿದ ಯಂತ್ರವು ಬಿಂಬವನ್ನೂ ಶಬ್ದವನ್ನೂ ಒಂದೇ ಫಿಲ್ಮಿನ ಮೇಲೆ ಒಂದೇ ಕಾಲದಲ್ಲಿ ಬರೆಯುವಂತಹದು. ಚಿತ್ರಶಾಲೆಯ ಪಕ್ಕದಲ್ಲಿ ರೈಲುದಾರಿಯಿದ್ದುದರಿಂದ ಹೆಚ್ಚಿನ ಭಾಗವನ್ನು ರಾತ್ರಿಯ ವೇಳೆಯಲ್ಲಿ, ಬಂಡಿಗಳ ಓಡಾಟವು ನಿಂತ ಮೇಲೆ ತೆಗೆದರು. ಬೇಡವಾದ ಶಬ್ದವನ್ನು ಆಮೇಲೆ ಬೇರ್ಪಡಿಸುವ ಮಾರ್ಗವೇ ಅಲ್ಲಿರಲಿಲ್ಲ.

ಕನ್ನಡದ ಮೊದಲನೆಯ ವಾಕ್ಚಿತ್ರವಾಗಿ ತೆರೆಕಂಡ ‘ಸತೀ ಸುಲೋಚನಾ’ 1934ನೆಯ ಮಾರ್ಚ್ 3ರಂದು ಬೆಂಗಳೂರಿಗೆ ಬಂದಿತು. ವೈ. ವಿ. ರಾಯರು ಅದರ ನಿರ್ದೇಶಕರು, ಚಮನಲಾಲ್ ಡುಂಗಾಜಿಯವರು ನಿರ್ಮಾಪಕರು, ಆರ್. ನಾಗೇಂದ್ರರಾಯರು ರಾವಣನಾಗಿಯೂ, ಸುಬ್ಬಯ್ಯನಾಯ್ಡುಗಳು ಇಂದ್ರಜಿತುವಾಗಿಯೂ, ತ್ರಿಪುರಾಂಬಾ ಅವರು ಸುಲೋಚನೆಯಾಗಿಯೂ ಅಭಿನಯಿಸಿದರು. ಚಿತ್ರೀಕರಣವು ನಡೆದುದು ಕೊಲ್ಲಾಪುರದಲ್ಲಿ. ಕಂಪನಿನಾಟಕಗಳಲ್ಲಿ ಕಂಠಶ್ರೀಯಿಂದಲೇ ಸಭೆಯನ್ನು ಗೆದ್ದಿದ್ದ ನಟರ ಕನ್ನಡವು ಮೊದಲ ಬಾರಿಗೆ ಪರದೆಯ ಮೇಲಿನ ಬಿಂಬದೊಡನೆ ಕೂಡಿ ಕೇಳಿಬಂದಿತು.

1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯವರು ನಿತಿನ್ ಬೋಸರ ನಿರ್ದೇಶನದಲ್ಲಿ ತೆಗೆದ ‘ಭಾಗ್ಯಚಕ್ರ’ ಮತ್ತು ಅದರ ಹಿಂದೀ ರೂಪವಾದ ‘ಧೂಪ್ ಛಾಂವ್’ ಚಿತ್ರಗಳಲ್ಲಿ, ಹಾಡನ್ನು ಮೊದಲೇ ಮುದ್ರಿಸಿಕೊಂಡು ಅದಕ್ಕೆ ಸರಿಯಾಗಿ ಚಿತ್ರವನ್ನು ತೆಗೆಯುವ ಪದ್ಧತಿಯನ್ನು ಅನುಸರಿಸಿದರು. ಇದರಿಂದ ಹಾಡುವವರೊಬ್ಬರು, ತುಟಿಯಾಡಿಸುವವರೊಬ್ಬರು ಆದರು. ಪರದೇಶದವರಿಗೆ ಇದು ವಿಲಕ್ಷಣವಾಗಿ ತೋರಬಹುದು. ಆದರೆ ಯಕ್ಷಗಾನದಲ್ಲಿ ಭಾಗವತರು ಹಾಡಲು ವೇಷಧಾರಿಯು ಕುಣಿಯುವುದನ್ನೂ, ಸೂತ್ರದ ಬೊಂಬೆಯಾಟದಲ್ಲಿ ಪರದೆಯ ಹಿಂದಿನ ದನಿಯು ಬೊಂಬೆಯ ಬಾಯಿಂದಲೇ ಬಂದಂತಾಗುವುದನ್ನೂ ತಲೆತಲಾಂತರದಿಂದ ನೋಡುತ್ತ ಬಂದ ಜನಕ್ಕೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲವೆಂದು ನನ್ನ ಅಭಿಪ್ರಾಯ.

ಮುಂದೆ ಈ ಬೇರ್ಪಾಡು ಹಾಡಿನಿಂದ ಮಾತಿಗೂ ಹಬ್ಬಿತು. ಹೊರಾಂಗಣದಲ್ಲಿ ಗಡಗಡನೆ ಸದ್ದುಮಾಡುವ ಹಗುರವಾದ ಕ್ಯಾಮರಾಗಳಿಂದ ಚಿತ್ರವನ್ನು ತೆಗೆದು, ಅನಂತರ ನಟರನ್ನು ಧ್ವನಿಶಾಲೆಗೆ ಕರೆಯಿಸಿ, ಪರದೆಯ ಮೇಲಿನ ತಮ್ಮದೇ ತುಟಿಗಳನ್ನು ನೋಡುತ್ತ ಮಾತನ್ನು ಮತ್ತೆ ಆಡಿಸುವುದು ದಶಕಗಳ ಕಾಲ ನಮ್ಮಲ್ಲಿ ರೂಢಿಯಾಗಿತ್ತು. ಇದರಿಂದ ಅನುಕೂಲವುಂಟು, ನಷ್ಟವೂ ಉಂಟು. ಅಳುವ ಕ್ಷಣದಲ್ಲಿ ಆಡಿದ ಮಾತಿನ ನಡುಕವನ್ನು ತಿಂಗಳುಗಳ ಮೇಲೆ ತಂಪಾದ ಕೊಠಡಿಯಲ್ಲಿ ಮರಳಿ ತರುವುದು ಎಲ್ಲರಿಗೂ ಸಾಧ್ಯವಲ್ಲ. 2001ರ ‘ಲಗಾನ್’ ಚಿತ್ರವು ಸ್ಥಳದಲ್ಲಿ ಹಿಡಿದ ಧ್ವನಿಯನ್ನೇ ಉಳಿಸಿಕೊಂಡು ಹಳೆಯ ದಾರಿಗೆ ಮರಳಿತು. ಕನ್ನಡದಲ್ಲಿ 2016ರಲ್ಲಿ ತೆರೆಕಂಡ ‘ತಿಥಿ’ ಚಿತ್ರದಲ್ಲಿ ಮಂಡ್ಯ ಸೀಮೆಯ ಹಳ್ಳಿಗರೇ ಪಾತ್ರಧಾರಿಗಳು. ಅವರು ಅಲ್ಲಿಯೇ ಆಡಿದ ಮಾತು ಅವರ ಮುಖಗಳೊಡನೆಯೇ ನಮ್ಮನ್ನು ಮುಟ್ಟುವುದು. ಒಂದು ಸೀಮೆಯ ನುಡಿಯ ಏರಿಳಿತವನ್ನು ಕಾಪಾಡುವುದಕ್ಕೆ ಇದಕ್ಕಿಂತ ಮೇಲಾದ ಸಾಧನವು ನನಗೆ ತೋರದು.

ನಾಡಿಯ ಮಿಡಿತ

1935ರಲ್ಲಿ ಜರ್ಮನಿಯಲ್ಲಿ ಆಯಸ್ಕಾಂತಶಕ್ತಿಯಿಂದ ಧ್ವನಿಯನ್ನು ಹಿಡಿಯುವ ಟೇಪು ಯಂತ್ರವು ಪ್ರದರ್ಶಿತವಾಯಿತು. ಸ್ವಿಟ್ಜರ್ಲೆಂಡಿನಲ್ಲಿ ನೆಲಸಿದ್ದ ಪೋಲೆಂಡ್ ಮೂಲದ ಸ್ಟೆಫಾನ್ ಕುಡೆಲ್‌ಸ್ಕಿಯು 1951ರಲ್ಲಿ ನಾಗ್ರಾ ಎಂಬ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ಟೇಪು ಯಂತ್ರವನ್ನು ನಿರ್ಮಿಸಿದನು. ಧ್ವನಿಯನ್ನು ಹಿಡಿಯುವವನು ಇನ್ನು ಮೇಲೆ ಕಾಡುಮೇಡುಗಳಿಗೂ ಹೋಗಬಲ್ಲವನಾದನು. ಆದರೆ ಫಿಲ್ಮಿಗೆ ಅಂಚಿನಲ್ಲಿ ತೂತುಗಳುಂಟು, ಟೇಪಿಗೆ ಇಲ್ಲ. ಅದು ಹಿಗ್ಗುವುದು, ಜಾರುವುದು. ಹಲ್ಲಿನ ಚಕ್ರಕ್ಕೆ ಸಿಕ್ಕದ ಈ ವಸ್ತುವನ್ನು ಬಿಂಬದೊಡನೆ ಹೇಗೆ ನಡೆಸುವುದು?

ಸಂಗೀತಗಾರರು ಇದಕ್ಕೆ ಉತ್ತರವನ್ನು ಬಲ್ಲರು: ತಾಳವನ್ನು ಹಾಕಿಕೊಂಡರಾಯಿತು. ಕ್ಯಾಮರಾದ ಮೋಟಾರಿನಿಂದ ಸೆಕೆಂಡಿಗೆ 50 ಇಲ್ಲವೆ 60 ಮಿಡಿತಗಳ ವಿದ್ಯುತ್ಸಂಜ್ಞೆಯನ್ನು ತಂತಿಯ ಮೂಲಕ ತಂದು, ಟೇಪಿನ ಮೇಲೆ ಮಾತಿನ ಜೊತೆಯಲ್ಲಿ ಕಿವಿಗೆ ಕೇಳದಂತೆ ಬರೆಯಿಸಿದರು. ಇದಕ್ಕೆ ಪೈಲಟ್ ಟೋನ್ ಎಂದು ಹೆಸರು. ಅನಂತರ ಆ ಟೇಪಿನಿಂದ ತೂತುಗಳುಳ್ಳ ಆಯಸ್ಕಾಂತ ಫಿಲ್ಮಿಗೆ ಧ್ವನಿಯನ್ನು ಇಳಿಸಿಕೊಳ್ಳುವಾಗ, ಮಿಡಿತಗಳು ಮತ್ತೆ ಅಷ್ಟೇ ವೇಗದಲ್ಲಿ ಬರುವಂತೆ ಯಂತ್ರವನ್ನು ನಿಯಂತ್ರಿಸುವುದು. ಟೇಪು ಹಿಗ್ಗಿದ್ದರೂ ತಾಳವು ಅದನ್ನು ತಿದ್ದುವುದು. 1960ರ ದಶಕದಲ್ಲಿ ತಂತಿಯೂ ಬೇಡವಾಯಿತು: ಸ್ಫಟಿಕಶಿಲೆಯ ಚೂರಿನ ನಿಯತವಾದ ಕಂಪನವನ್ನು ಆಧಾರವಾಗಿಟ್ಟುಕೊಂಡು ಕ್ಯಾಮರಾವೂ ಟೇಪೂ ಬೇರೆಬೇರೆಯಾಗಿಯೇ ಒಂದೇ ನಡಿಗೆಯಲ್ಲಿ ನಡೆದುವು. ಆ ದಶಕದ ಕೊನೆಯ ಹೊತ್ತಿಗೆ ಪ್ರತಿಯೊಂದು ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂಬ ನಾಲ್ಕು ಅಂಕಗಳ ವಿಳಾಸವನ್ನು ಕೊಡುವ ಟೈಮ್‌ಕೋಡ್ ಪದ್ಧತಿಯೂ ಬಂದಿತು.

ಈಗ ಫಿಲ್ಮೂ ಟೇಪೂ ಬಹುಮಟ್ಟಿಗೆ ಹೋಗಿ ಎಲ್ಲವೂ ಸಂಖ್ಯೆಗಳಾಗಿವೆ. ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆದು ಬರೆಯುವುದು ವಾಡಿಕೆ. ಒಂದು ಫ್ರೇಮಿಗೆ ಅಂತಹ 2,000 ಅಳತೆಗಳು ಸಲ್ಲುವುವು. ಆದರೂ ಹಳೆಯ ಸಮಸ್ಯೆಯು ತಪ್ಪಲಿಲ್ಲ. ಎರಡು ಯಂತ್ರಗಳ ಗಡಿಯಾರಗಳಲ್ಲಿ ಇಪ್ಪತ್ತು ಸಾವಿರಕ್ಕೆ ಒಂದರಷ್ಟು ಭೇದವಿದ್ದರೂ, ಒಂದು ಗಂಟೆಯ ಹರಿಕಥೆಯ ಕೊನೆಯಲ್ಲಿ ದಾಸರ ಮಾತು ಅವರ ತುಟಿಯಿಂದ ನಾಲ್ಕು ಫ್ರೇಮುಗಳಷ್ಟು ಅಗಲಿರುವುದು. ಇಂದಿನ ಗಣಕಯಂತ್ರವು ಕ್ಯಾಮರಾದಲ್ಲಿಯೇ ಸಿಕ್ಕಿದ ಒರಟು ಧ್ವನಿಯನ್ನೂ, ಬೇರೆಯಾಗಿ ಹಿಡಿದ ಶುದ್ಧ ಧ್ವನಿಯನ್ನೂ ಒಂದರ ಮೇಲೊಂದು ಸರಿಸಿ ಸರಿಸಿ ಹೋಲಿಸಿ, ಅಲೆಗೆ ಅಲೆ ಕೂಡುವ ಸ್ಥಾನವನ್ನು ತಾನೇ ಹುಡುಕಿಕೊಡಬಲ್ಲುದು. ಕ್ಲಾಪ್ ಹಲಗೆಯಂತೂ ಇನ್ನೂ ಹೋಗಿಲ್ಲ. ಯಂತ್ರಗಳೆಲ್ಲವೂ ಕೈಕೊಟ್ಟಾಗ ಉಳಿಯುವುದು ಆ ಒಂದು ಫಟ್ಟೆಂಬ ಸದ್ದೇ.

ನೂರೈದು ವರ್ಷಗಳ ಮೇಲೆ

ಇನ್ನು ಡಿಕ್ಸನ್ನನ ಪಿಟೀಲಿನ ಕಡೆಗೆ ತಿರುಗೋಣ. ಅವನ ಹದಿನೇಳು ಸೆಕೆಂಡುಗಳ ಚಿತ್ರವು ಕಾಲಕ್ರಮದಲ್ಲಿ ವಾಷಿಂಗ್‌ಟನ್ನಿನ ಕಾಂಗ್ರೆಸ್ ಗ್ರಂಥಾಲಯವನ್ನು ಸೇರಿತು. ಶಬ್ದವಿಲ್ಲದ ಚಿತ್ರವಾಗಿಯೇ ಅದನ್ನು ವಿದ್ವಾಂಸರು ನೋಡುತ್ತಿದ್ದರು. ವೆಸ್ಟ್ ಆರೆಂಜಿನಲ್ಲಿ ಎಡಿಸನ್ನನ ಪ್ರಯೋಗಶಾಲೆಯ ವಸ್ತುಗಳನ್ನು 1960ರ ದಶಕದಲ್ಲಿ ಪಟ್ಟಿಮಾಡಿದಾಗ, ಸಂಗೀತದ ಕೊಠಡಿಯಲ್ಲಿ ಒಡೆದುಹೋಗಿದ್ದ ಮೇಣದ ಉರುಳೆಯೊಂದು ಲೋಹದ ಡಬ್ಬಿಯಲ್ಲಿ ದೊರೆಯಿತು. ಡಬ್ಬಿಗೆ, ಕೈನೆಟೋ ಸಹಿತವಾಗಿ ಡಿಕ್ಸನ್ನನು ನುಡಿಸಿದ ಪಿಟೀಲು ಎಂಬರ್ಥದ ಒಂದು ಚೀಟಿಯಿತ್ತು. ಆ ಕೆಲವು ಪದಗಳಿಲ್ಲದಿದ್ದರೆ ಅದು ಒಡಕು ಮೇಣದ ಚೂರಲ್ಲದೆ ಮತ್ತೇನೂ ಆಗುತ್ತಿರಲಿಲ್ಲ.

1998ರಲ್ಲಿ ಕಾಂಗ್ರೆಸ್ ಗ್ರಂಥಾಲಯದ ಪ್ರಯತ್ನದಿಂದ ಆ ಚೂರುಗಳನ್ನು ಕೂಡಿಸಿ, ನ್ಯೂಯಾರ್ಕಿನ ಧ್ವನಿಭಂಡಾರವೊಂದರಲ್ಲಿ ನಾದವನ್ನು ಹೊಸದಾಗಿ ಮುದ್ರಿಸಿಕೊಂಡರು. ವಾದ್ಯವು ಆರಂಭವಾಗುವುದಕ್ಕೆ ಮೊದಲು, ಎಲ್ಲರೂ ಸಿದ್ಧರೋ ಎಂದು ಕೇಳಿ, ಸರಿ ಹೊರಡಲೆಂದು ಹೇಳುವ ಗಂಡುದನಿಯೊಂದು ಆ ಉರುಳೆಯಲ್ಲಿದೆ. ಆದರೆ ಎರಡು ನಿಮಿಷದ ನಾದದಲ್ಲಿ ಯಾವ ಹದಿನೇಳು ಸೆಕೆಂಡುಗಳು ಚಿತ್ರಕ್ಕೆ ಸೇರಿದುವು? ಕ್ಲಾಪ್ ಹಲಗೆಯಿಲ್ಲ, ಮಿಡಿತವಿಲ್ಲ, ಅಂಕಗಳಿಲ್ಲ. ಚಿತ್ರವು ತೆಗೆಯಲ್ಪಟ್ಟುದು ಸೆಕೆಂಡಿಗೆ ಸುಮಾರು 40 ಫ್ರೇಮುಗಳ ವೇಗದಲ್ಲಿ, ಇಂದಿನ 24ರಲ್ಲಲ್ಲ. ಆಧಾರವಾಗಿದ್ದುದು ಪಿಟೀಲಿನ ಕಮಾನಿನ ಹೋಗುಬರುವಿಕೆ, ಕುಣಿಯುವವರ ಹೆಜ್ಜೆ, ಇಷ್ಟೇ.

ಪ್ರಸಿದ್ಧ ಸಂಕಲನಕಾರನೂ ಧ್ವನಿವಿನ್ಯಾಸಕನೂ ಆದ ವಾಲ್ಟರ್ ಮರ್ಚನು, ರಿಕ್ ಶ್ಮಿಡ್ಲಿನ್ ಎಂಬವನ ಕೋರಿಕೆಯ ಮೇರೆಗೆ, 2000ನೆಯ ಇಸವಿಯಲ್ಲಿ ಈ ಕೆಲಸವನ್ನು ಕೈಗೊಂಡನು. ಗಣಕಯಂತ್ರದಲ್ಲಿ ಬಿಂಬದ ವೇಗವನ್ನು ಸರಿಪಡಿಸಿ, ನಾದವನ್ನು ಹಿಂದೆ ಮುಂದೆ ಸರಿಸಿ ಹೋಲಿಸಿ, ಕಮಾನಿಗೆ ಸ್ವರವನ್ನೂ ಹೆಜ್ಜೆಗೆ ಲಯವನ್ನೂ ಹೊಂದಿಸಿದನು. ಡಿಕ್ಸನ್ನನು 1935ರಲ್ಲಿಯೇ ತೀರಿಕೊಂಡಿದ್ದನು. ಕಹಳೆಯ ಮುಂದೆ ನಿಂತು ನುಡಿಸಿದವನು ತನ್ನ ಜೀವಮಾನದಲ್ಲಿ ಸಾಧಿಸಲಾರದೆ ಹೋದ ಸಂಧಾನವು ನೂರೈದು ವರ್ಷಗಳ ಮೇಲೆ ಇನ್ನೊಬ್ಬನ ಕೈಯಿಂದ ನೆರವೇರಿತು. 2003ರಲ್ಲಿ ಈ ಚಿತ್ರವನ್ನು ಅಮೆರಿಕಾದವರು ತಮ್ಮ ರಾಷ್ಟ್ರೀಯ ಚಲಚ್ಚಿತ್ರಗಳ ಪಟ್ಟಿಯಲ್ಲಿ ಸೇರಿಸಿದರು.

ಉಪಸಂಹಾರ

ಈ ಸಂತೋಷದ ಕಥೆಯನ್ನು ಓದುವಾಗ ನಮ್ಮ ಮನೆಯ ಕಡೆಗೂ ಒಮ್ಮೆ ನೋಡಬೇಕಾಗುವುದು. ‘ಆಲಂ ಆರಾ’ದ ಪ್ರತಿಯೊಂದೂ ಉಳಿದಿಲ್ಲ. ‘ಸತೀ ಸುಲೋಚನಾ’ದ ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾದುದು 1964ರಲ್ಲಿ. ಅಷ್ಟರೊಳಗೆ ಎಷ್ಟೋ ನಷ್ಟವಾಗಿತ್ತು. ಪರದೆಯ ಮೇಲೆ ಮೊದಲು ಮಾತಾಡಿದ ಕನ್ನಡದ ರಾವಣನನ್ನು ಇಂದು ಯಾವ ಮರ್ಚನೂ ನಮಗೆ ಮರಳಿ ಕೊಡಲಾರನು. ಕೂಡಿಸುವುದಕ್ಕೆ ಬಿಂಬವೂ ಇಲ್ಲ, ಶಬ್ದವೂ ಇಲ್ಲ. ಸಂಧಾನಕ್ಕೆ ಬೇಕಾದ ಕೌಶಲವು ಎಂದಾದರೂ ದೊರೆಯಬಹುದು. ವಸ್ತುವೇ ಇಲ್ಲದಿದ್ದರೆ ಕೌಶಲದಿಂದೇನು?

ದೊಡ್ಡ ಚಿತ್ರಗಳ ಮಾತು ಹಾಗಿರಲಿ. ನಮ್ಮ ಜಿಲ್ಲೆಯ ಅನೇಕ ಮನೆಗಳ ಅಟ್ಟದ ಮೇಲೆ, ಗೋಡೆಯ ಬೀರುಗಳಲ್ಲಿ ಹಳೆಯ ಕ್ಯಾಸೆಟ್ಟುಗಳೂ ಟೇಪುಗಳೂ ವೀಡಿಯೋ ಸುರುಳಿಗಳೂ ಬಿದ್ದಿರುವುವು. ಅಜ್ಜಿಯ ಸೋಬಾನೆ, ತಾತನ ಗಮಕವಾಚನ, ಈಗ ಕಾಲವಾದ ಭಾಗವತರ ಪದ, ಊರ ಜಾತ್ರೆಯ ಹರಿಕಥೆ, ಇವೆಲ್ಲವೂ ಅವುಗಳಲ್ಲಿ ಅಡಗಿವೆ. ಎಷ್ಟೋ ಕಡೆ ಚಿತ್ರವೊಂದು ಮನೆಯಲ್ಲಿ, ಧ್ವನಿಯೊಂದು ಮನೆಯಲ್ಲಿ. ಅವುಗಳ ಮೇಲೆ ಹೆಸರಿಲ್ಲ, ಊರಿಲ್ಲ, ತೇದಿಯಿಲ್ಲ. ಆ ದನಿಯನ್ನು ಗುರುತಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ, ಒಂದು ಚೀಟಿಯ ಮೇಲೆ ಯಾರದು, ಎಲ್ಲಿಯದು, ಎಂದಿನದು, ಯಾವ ಚಿತ್ರಕ್ಕೆ ಸೇರಿದುದು ಎಂಬ ನಾಲ್ಕು ಮಾತುಗಳನ್ನು ಬರೆದು ಅಂಟಿಸಿಡುವುದಕ್ಕೆ ಹಣವೂ ಬೇಡ, ಪಾಂಡಿತ್ಯವೂ ಬೇಡ. ಡಿಕ್ಸನ್ನನ ನಾದವನ್ನು ನೂರು ವರ್ಷಗಳ ಕಾಲ ಕಾಪಾಡಿದುದು ಅಂತಹುದೇ ಒಂದು ಚೀಟಿ. ಪರಿಷತ್ತುಗಳೂ ಸಂಘಗಳೂ ಈ ಕಾರ್ಯದಲ್ಲಿ ನೆರವಾಗಬಹುದು. ಆದರೆ ಅದರ ಆರಂಭವು ಪ್ರತಿಯೊಬ್ಬ ಗೃಹಸ್ಥನ, ಪ್ರತಿಯೊಬ್ಬ ಗೃಹಿಣಿಯ ಕೈಯಲ್ಲಿದೆ. ಕುರುಡನೂ ಕುಂಟನೂ ಎಂದಾದರೊಂದು ದಿನ ಒಬ್ಬರನ್ನೊಬ್ಬರು ಸೇರಬೇಕಾದರೆ, ಅಷ್ಟರವರೆಗೆ ಇಬ್ಬರೂ ಬದುಕಿರಬೇಕು.